ಹಿಮದ ದಿನಗಳಲ್ಲಿ ಚಂದ್ರಶಿಲೆ: ತಂಡವಾಗಿ ಹತ್ತಿ, ಅದೇ ದಿನ ಇಳಿದು ಬರುವ ಕ್ರಮ

ಚಂದ್ರಶಿಲೆ ಶಿಖರದ ಚಾರಣ ಶುರುವಾಗುವ ಚೋಪ್ತಾದಲ್ಲಿ ಜನವರಿ ನಡುವಿನಲ್ಲಿ ಹೊತ್ತು ಮುಳುಗುವುದು ಸಂಜೆ 5.40ರ ಸುಮಾರಿಗೆ. ಆದರೆ ಹಗಲಿನ ಬಿಸಿಲಿಗೆ ಕರಗಿದ ಹಿಮ ನಾಲ್ಕು ಗಂಟೆಗೆಲ್ಲ ಮತ್ತೆ ಹೆಪ್ಪುಗಟ್ಟಿ ಗಾಜಿನಂತಾಗುತ್ತದೆ. ಹಾಗಾಗಿ ತಂಡದ ಕೊನೆಯ ವ್ಯಕ್ತಿ ಮೂರೂವರೆಗೆ ಕೆಳಗೆ ಬಂದಿರಬೇಕು. ಇಳಿಯಲು ಮೂರು ಗಂಟೆ ಹಿಡಿಯಿರಿ. ಹನ್ನೆರಡೂವರೆಗೆ ಎಲ್ಲಿದ್ದರೆ ಅಲ್ಲಿಂದ ತಿರುಗಬೇಕು. ಹತ್ತಲು ಆರು ಗಂಟೆ ಬೇಕೆಂದರೆ ಬೆಳಗ್ಗೆ ಆರೂವರೆಗೆ ಹೊರಡಬೇಕು. ಬೆಟ್ಟದ ಲೆಕ್ಕ ಹೀಗೆ ಹಿಂದಿನಿಂದ ಮುಂದಕ್ಕೆ ಬರಬೇಕು. ನಮ್ಮಲ್ಲಿ ಬಹುಪಾಲು ಜನ ಇದನ್ನು ಬೆಳಗಿನಿಂದ ಶುರು ಮಾಡುತ್ತಾರೆ, ಸಂಜೆಗೆ ಬರುವ ಹೊತ್ತಿಗೆ ಲೆಕ್ಕ ತಪ್ಪಿರುತ್ತದೆ.

ಮುಂದೆ ಹೇಳುವುದೆಲ್ಲ ಎಂಟು-ಹತ್ತು ಜನರ ತಂಡಕ್ಕೆ, ಹಿಮದಲ್ಲಿ ಮೊದಲ ಬಾರಿ ನಡೆಯುವವರಿಗೆ.

ಎಲ್ಲಿಗೆ, ಯಾವಾಗ

ಚಂದ್ರಶಿಲೆ ಇರುವುದು ಉತ್ತರಾಖಂಡದ ರುದ್ರಪ್ರಯಾಗ ಜಿಲ್ಲೆಯಲ್ಲಿ. ಚೋಪ್ತಾದಿಂದ ಪಂಚಕೇದಾರಗಳಲ್ಲೊಂದಾದ ತುಂಗನಾಥ ದೇವಾಲಯಕ್ಕೆ ಮೂರೂವರೆ ಕಿಲೋಮೀಟರ್, ಅಲ್ಲಿಂದ ತುದಿಗೆ ಇನ್ನೊಂದೂವರೆ. ಹೋಗಿ ಬರಲು ಹತ್ತೇ ಕಿಲೋಮೀಟರ್. ಈ ‘ಹತ್ತೇ’ ಎಂಬ ಮಾತು ಕೇಳಿ ಬೆಂಗಳೂರಿನಿಂದ ಓಟದ ಶೂ ಹಾಕಿಕೊಂಡು ಬಂದವರನ್ನು ನೋಡಿದ್ದೇನೆ. ಚೋಪ್ತಾ ಸುಮಾರು 2,700 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಏಳುನೂರು ಮೀಟರಿಗೂ ಹೆಚ್ಚು ಮೇಲೆ. ಚಾರಣ ಶುರುವಾಗುವುದೇ ಅಲ್ಲಿಂದ. ತುದಿಯ ಎತ್ತರವನ್ನು ಕೆಲವರು 4,000 ಮೀಟರ್ ಎನ್ನುತ್ತಾರೆ, ನಕ್ಷೆಗಳಲ್ಲಿ 3,700ರ ಆಸುಪಾಸು ಕಾಣುತ್ತದೆ. ಕಾಲಿಗೆ ಸಾವಿರ ಮೀಟರ್ ಏರಿಕೆ ಎಂದುಕೊಂಡು ತಯಾರಾದರೆ ಸಾಕು. ತುದಿಯಲ್ಲಿ ಸಮುದ್ರಮಟ್ಟಕ್ಕಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚು ಆಮ್ಲಜನಕ ಕಡಿಮೆ.

ಹಿಮದಲ್ಲಿ ನಡೆಯುವ ಆಸೆ ಇದ್ದರೆ ಜನವರಿ ನಡುವಿನಿಂದ ಮಾರ್ಚ್ ಮೊದಲ ವಾರದವರೆಗೆ ಹೋಗಿ. ಡಿಸೆಂಬರ್ ನಂಬಿಕಸ್ಥ ತಿಂಗಳಲ್ಲ. ಒಂದು ವರ್ಷ ಮೊಣಕಾಲುದ್ದ, ಇನ್ನೊಂದು ವರ್ಷ ಬರೀ ಒಣಹುಲ್ಲು. ಆ ದಿನಗಳಲ್ಲಿ ತುಂಗನಾಥದ ಬಾಗಿಲು ಮುಚ್ಚಿರುತ್ತದೆ, ಉತ್ಸವಮೂರ್ತಿ ಚಳಿಗಾಲಕ್ಕೆ ಮಕ್ಕೂಮಠಕ್ಕೆ ಇಳಿದಿರುತ್ತದೆ. ದರ್ಶನವೇ ಮುಖ್ಯ ಎನ್ನುವವರು ಬೇಸಿಗೆಯಲ್ಲಿ ಬರಲಿ.

ದಾರಿಯಲ್ಲಿ ಸಿಗುವ ಊಖೀಮಠದಲ್ಲಿ ಕನ್ನಡಿಗರು ಅರ್ಧ ಗಂಟೆ ನಿಲ್ಲಬಹುದು. ವೀರಶೈವ ಪಂಚಪೀಠಗಳಲ್ಲೊಂದಾದ ಕೇದಾರ ಪೀಠದ ನೆಲೆ ಅದು. ಕೇದಾರನಾಥದ ಮುಖ್ಯ ಅರ್ಚಕರಾದ ರಾವಲರು ಕರ್ನಾಟಕ ಮೂಲದ ಪರಂಪರೆಯವರು, ಚಳಿಗಾಲದಲ್ಲಿ ಕೇದಾರನಾಥನಿಗೆ ಪೂಜೆ ನಡೆಯುವುದೂ ಇಲ್ಲಿನ ಓಂಕಾರೇಶ್ವರ ದೇವಾಲಯದಲ್ಲಿ.

ಎರಡು ತಿಂಗಳು ಮುಂಚೆ: ಕಾಲು ಮತ್ತು ತಂಡ

ವಾರಕ್ಕೆ ನಾಲ್ಕು ದಿನ ಬಿರುಸಾಗಿ ನಡೆಯಿರಿ ಅಥವಾ ನಿಧಾನವಾಗಿ ಓಡಿ. ಉಸಿರಿಗೆ ಇಷ್ಟು ಸಾಕು. ಕಾಲಿನದು ಬೇರೆ ಮಾತು. ಹತ್ತುವಾಗ ಸೋಲುವುದು ಶ್ವಾಸ, ಇಳಿಯುವಾಗ ಸೋಲುವುದು ತೊಡೆ. ಆದ್ದರಿಂದ ಮೆಟ್ಟಿಲು ಇಳಿಯುವುದನ್ನೇ ಅಭ್ಯಾಸ ಮಾಡಿ. ಮೈಸೂರಿನವರಿಗೆ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲುಗಳಿವೆ. ಬೆನ್ನಿಗೆ ಐದು ಕಿಲೋ ತೂಕ ಹಾಕಿಕೊಂಡು ಹತ್ತಿ, ಇಳಿದು, ಮತ್ತೊಮ್ಮೆ ಹತ್ತಿ ಇಳಿಯಿರಿ. ಮಾರನೆಯ ದಿನ ಶೌಚಾಲಯದಲ್ಲಿ ಕೂರಲು ಕಷ್ಟವಾಗದಿದ್ದರೆ ನೀವು ತಯಾರಾಗಿದ್ದೀರಿ. ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಲಿಫ್ಟ್ ಪಕ್ಕದ ಮೆಟ್ಟಿಲೇ ಬೆಟ್ಟ. ಹೊಸ ಶೂ ಕೊಂಡಿದ್ದರೆ ಈ ಎರಡು ತಿಂಗಳೂ ಅದನ್ನೇ ಹಾಕಿಕೊಂಡು ನಡೆಯಿರಿ. ಹಿಮಾಲಯಕ್ಕೆ ಹೊಸ ಶೂ ಒಯ್ಯುವುದು, ಮದುವೆಮನೆಗೆ ಹಿಂದಿನ ದಿನ ಅಡುಗೆ ಕಲಿತ ಭಟ್ಟರನ್ನು ಕರೆದಂತೆ.

ತಂಡದಲ್ಲಿ ಹತ್ತಕ್ಕಿಂತ ಹೆಚ್ಚು ಜನ ಬೇಡ. ಸ್ಥಳೀಯ ಮಾರ್ಗದರ್ಶಿ ಒಬ್ಬರಲ್ಲ, ಇಬ್ಬರಿರಲಿ. ಇದನ್ನು ದುಂದು ಎನ್ನುವವರು ತಂಡದಲ್ಲಿ ಒಬ್ಬರಾದರೂ ಇರುತ್ತಾರೆ. ಅವರಿಗೆ ಹೀಗೆ ಕೇಳಿ: ತುಂಗನಾಥದ ಹತ್ತಿರ ಒಬ್ಬರಿಗೆ ವಾಂತಿ ಶುರುವಾದರೆ ಅವರನ್ನು ಯಾರು ಕೆಳಗೆ ಕರೆದೊಯ್ಯುತ್ತಾರೆ, ಉಳಿದವರನ್ನು ಯಾರು ಮೇಲೆ ನಡೆಸುತ್ತಾರೆ? ಇರುವವರು ಒಬ್ಬರೇ ಆದರೆ ಒಂದೋ ಎಲ್ಲರೂ ಇಳಿಯಬೇಕು, ಇಲ್ಲವೇ ಹುಷಾರಿಲ್ಲದವರು ಒಬ್ಬರೇ ಇಳಿಯಬೇಕು. ಎರಡನೆಯದು ಆಗಕೂಡದು.

ನಾಯಕ ಯಾರು, ಕೊನೆಯಲ್ಲಿ ನಡೆಯುವವರು ಯಾರು ಎಂಬುದನ್ನು ಊರಿನಲ್ಲೇ ತೀರ್ಮಾನಿಸಿ. ಕೊನೆಯವರು ತಂಡದಲ್ಲೇ ಗಟ್ಟಿಗರಾಗಿರಬೇಕು. ಅವರ ಹಿಂದೆ ಯಾರೂ ಇರಬಾರದು. ರಕ್ತದೊತ್ತಡ, ಆಸ್ತಮಾ, ಹಳೆಯ ಮಂಡಿನೋವು ಇವನ್ನು ಎಲ್ಲರೂ ನಾಯಕರಿಗೆ ಹೇಳಿರಬೇಕು. ಮುಜುಗರವಾದರೆ ಚೀಟಿಯಲ್ಲಿ ಬರೆದುಕೊಡಲಿ.

ಚೀಲ ತುಂಬುವಾಗ

ಹತ್ತಿ ಬಟ್ಟೆ ಬೇಡ. ಇದನ್ನು ಎಷ್ಟು ಸಲ ಹೇಳಿದರೂ ಒಬ್ಬರಾದರೂ ಒಳಗೆ ಹತ್ತಿಯ ಬನಿಯನ್ ಹಾಕಿಕೊಂಡೇ ಬರುತ್ತಾರೆ. ಒಂದು ಸಲ ಹಾಗೆ ಬಂದದ್ದು ನಾನೇ. ಹತ್ತುವಾಗ ಮೈ ಕಾದು ಬೆವರಿತು, ಬನಿಯನ್ ಅದನ್ನೆಲ್ಲ ಕುಡಿದುಕೊಂಡಿತು. ತುಂಗನಾಥದ ಗೋಡೆಯ ಮರೆಯಲ್ಲಿ ಹತ್ತು ನಿಮಿಷ ಕೂತದ್ದೇ ತಡ, ಬೆನ್ನಿಗೆ ಯಾರೋ ಒದ್ದೆ ಗೋಣಿಚೀಲ ಹೊದಿಸಿದಂತಾಯಿತು. ಮೇಲೆ ಎರಡು ಜಾಕೆಟ್ ಇದ್ದೂ ಹಲ್ಲು ಕಟಕಟ ಎನ್ನುತ್ತಿತ್ತು. ಕೊನೆಗೆ ಮಾರ್ಗದರ್ಶಿಯ ಮಾತು ಕೇಳಿ, ಆ ಗಾಳಿಯಲ್ಲೇ ಅಂಗಿ ಕಳಚಿ, ಬನಿಯನ್ ಬಿಸಾಕಿ, ಒಣಗಿದ ಉಣ್ಣೆಯ ಒಳಅಂಗಿ ಹಾಕಿಕೊಂಡ ಐದು ನಿಮಿಷದಲ್ಲಿ ನಡುಕ ನಿಂತಿತು.

ಮೈಗೆ ತಾಗುವಂತೆ ಬೆವರು ಹೀರಿ ಬೇಗ ಒಣಗುವ ಉಣ್ಣೆ ಅಥವಾ ಪಾಲಿಯೆಸ್ಟರ್ ಇರಲಿ. ಅದರ ಮೇಲೆ ಫ್ಲೀಸ್ ಎಂಬ ಬೆಚ್ಚನೆಯ ಮೆದು ಬಟ್ಟೆಯ ಅಂಗಿ, ಎಲ್ಲದರ ಮೇಲೆ ಗಾಳಿ ಮತ್ತು ನೀರು ತಡೆಯುವ ಹೊರಜಾಕೆಟ್. ಗರಿ ತುಂಬಿದ ದಪ್ಪ ಜಾಕೆಟ್ ಚೀಲದಲ್ಲಿರಲಿ. ಅದನ್ನು ನಿಂತಾಗ ಹಾಕಿಕೊಳ್ಳಬೇಕು, ನಡೆಯುವಾಗ ತೆಗೆಯಬೇಕು. ಜೀನ್ಸ್ ಮನೆಯಲ್ಲೇ ಇರಲಿ.

ಕೈಗವಸು ಎರಡು ಜೊತೆ. ಒಂದನ್ನು ಗಾಳಿ ಹಾರಿಸಿಕೊಂಡು ಹೋಗುತ್ತದೆ. ಹೋಗಬಹುದು ಎಂದಲ್ಲ, ಹತ್ತು ಜನರ ತಂಡದಲ್ಲಿ ಒಬ್ಬರದ್ದು ಹೋಗಿಯೇ ಹೋಗುತ್ತದೆ. ಮಂಗನ ಟೋಪಿಯನ್ನು ನೋಡಿ ನಗುವವರು ನಗಲಿ, ಕಿವಿ ನಿಮ್ಮದು. ಉಣ್ಣೆಯ ಕಾಲುಚೀಲ ಮೂರು ಜೊತೆ, ಅದರಲ್ಲಿ ಒಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಕಪ್ಪು ಕನ್ನಡಕ ಅಲಂಕಾರಕ್ಕಲ್ಲ. ಹೊಸ ಹಿಮ ತನ್ನ ಮೇಲೆ ಬಿದ್ದ ನೇರಳಾತೀತ ಕಿರಣಗಳಲ್ಲಿ ಶೇ 80ರಷ್ಟನ್ನು ಮತ್ತೆ ಮುಖಕ್ಕೇ ಎಸೆಯುತ್ತದೆ. ಕನ್ನಡಕವಿಲ್ಲದೆ ಇಡೀ ದಿನ ನಡೆದರೆ ರಾತ್ರಿ ಕಣ್ಣಿಗೆ ಮರಳು ಸುರಿದಂತೆ ಉರಿ ಏಳುತ್ತದೆ. ಬೆಳಕು ಕೆಳಗಿನಿಂದಲೂ ಬರುವುದರಿಂದ ಸನ್‌ಸ್ಕ್ರೀನನ್ನು ಗಲ್ಲದ ಕೆಳಗೂ ಮೂಗಿನ ಹೊಳ್ಳೆಯ ಅಂಚಿಗೂ ಹಚ್ಚಿ.

ಶೂಗಳು ಕಣಕಾಲು ಮುಚ್ಚುವಂಥವಾಗಿರಲಿ. ಅವುಗಳ ಅಡಿಗೆ ಸರಪಳಿಯಂತೆ ಬಿಗಿಯುವ ಹಲ್ಲುಗಳು, ಅಂದರೆ ಮೈಕ್ರೋಸ್ಪೈಕ್, ಮೊಣಕಾಲಿನ ಕೆಳಗೆ ಹಿಮ ನುಗ್ಗದಂತೆ ಸುತ್ತುವ ಗೇಟರ್, ಮತ್ತು ಎರಡು ಊರುಗೋಲು ಬೇಕು. ಇವನ್ನು ಕೊಳ್ಳಬೇಕಿಲ್ಲ, ಬಾಡಿಗೆಗೆ ಸಿಗುತ್ತವೆ. ಆದರೆ ಹಿಂದಿನ ಸಂಜೆಯೇ ನಿಮ್ಮ ಶೂಗೆ ಹಾಕಿ, ಬಿಚ್ಚಿ, ಕೈಗವಸು ಹಾಕಿಕೊಂಡು ಮತ್ತೆ ಹಾಕಿ ನೋಡಿ. ರಬ್ಬರ್ ಸೀಳಿದ್ದನ್ನು ಕತ್ತಲಲ್ಲಿ ಕಂಡುಹಿಡಿದು ಪ್ರಯೋಜನವಿಲ್ಲ.

ನೀರಿನ ವಿಷಯದಲ್ಲಿ ಒಂದು ಚಿಕ್ಕ ಉಪಾಯ: ಬಾಟಲಿಯನ್ನು ತಲೆಕೆಳಗಾಗಿ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಮಂಜುಗಡ್ಡೆ ಬಾಟಲಿಯ ತಳದ ಕಡೆ ಸೇರುತ್ತದೆ, ಮುಚ್ಚಳ ಸಲೀಸಾಗಿ ತೆರೆಯುತ್ತದೆ. ಕೊಳವೆಯಿಂದ ಹೀರುವ ನೀರಿನ ಚೀಲ ಇಲ್ಲಿ ಕೆಲಸಕ್ಕೆ ಬಾರದು, ಮೊದಲ ಅರ್ಧ ಗಂಟೆಯಲ್ಲೇ ಕೊಳವೆ ಕಟ್ಟಿಕೊಳ್ಳುತ್ತದೆ. ಇಬ್ಬರಿಗೊಂದು ಥರ್ಮಸ್‌ನಲ್ಲಿ ಬೆಲ್ಲ, ಶುಂಠಿ ಹಾಕಿದ ಬಿಸಿನೀರು ಒಯ್ಯಿರಿ. ತಿನ್ನಲು ಕಡಲೆಕಾಯಿ ಚಿಕ್ಕಿ, ಖರ್ಜೂರ, ಹುರಿಗಡಲೆ, ಚಟ್ನಿಪುಡಿ ಸವರಿ ಸುತ್ತಿದ ಚಪಾತಿ. ಚಾಕೊಲೇಟ್ ಕಲ್ಲಾಗುತ್ತದೆ. ಕೋಡುಬಳೆಗೆ ಚಳಿ ಏನೂ ಮಾಡದು. ಕೈಗವಸಿನ ಬೆರಳಿಗೆ ಉಂಗುರದಂತೆ ಏರಿಸಿಕೊಂಡು ಕಚ್ಚುತ್ತ ನಡೆಯಬಹುದು.

ತಂಡಕ್ಕೆ ಒಟ್ಟಾಗಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಇಬ್ಬರನ್ನು ಸುತ್ತುವಷ್ಟು ದೊಡ್ಡ ತಾಡಪಾಲು, ಒಂದು ಹೆಚ್ಚುವರಿ ದಪ್ಪ ಜಾಕೆಟ್ ಇರಲಿ. ತಲೆಗೆ ಕಟ್ಟುವ ದೀಪ ಪ್ರತಿಯೊಬ್ಬರಿಗೂ ಬೇಕು. ಮೊಬೈಲನ್ನು ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಡಿ, ಚಳಿಗೆ ಬ್ಯಾಟರಿ ನೋಡನೋಡುತ್ತ ಇಳಿಯುತ್ತದೆ.

ಹತ್ತುವ ಮುಂಚಿನ ಎರಡು ದಿನ

ಋಷಿಕೇಶದ ಎತ್ತರ ನಾನೂರು ಮೀಟರಿಗಿಂತ ಕಡಿಮೆ. ಅಲ್ಲಿಂದ ದೇವಪ್ರಯಾಗ, ಗಢವಾಲಿನ ಶ್ರೀನಗರ (ಕಾಶ್ಮೀರದ್ದಲ್ಲ), ರುದ್ರಪ್ರಯಾಗ ದಾಟಿ ಊಖೀಮಠಕ್ಕೆ ಬರಲು ಒಂದು ಇಡೀ ದಿನ. ರಾತ್ರಿ ಹೊರಟು ಚೋಪ್ತಾ ತಲುಪಿ, ಬೆಳಗ್ಗೆ ಹತ್ತಿ, ಸಂಜೆ ಹಿಂದಿರುಗುವ ವಾರಾಂತ್ಯದ ಕಾರ್ಯಕ್ರಮಗಳನ್ನು ನಾನು ಒಪ್ಪುವುದಿಲ್ಲ. 2,500 ಮೀಟರ್ ದಾಟಿದರೆ, ಆಮ್ಲಜನಕ ಸಾಲದೆ ತಲೆನೋವು, ವಾಂತಿ ತರುವ ಎತ್ತರದ ಕಾಯಿಲೆ ಯಾರನ್ನೂ ಹಿಡಿಯಬಹುದು. ದಿನವೂ ಜಿಮ್‌ಗೆ ಹೋಗುವವರನ್ನೂ ಬಿಡದು.

ಮೊದಲ ರಾತ್ರಿ ಊಖೀಮಠದ ಹತ್ತಿರದ ಸಾರಿ ಎಂಬ ಹಳ್ಳಿಯಲ್ಲಿ ಮಲಗಿ. ಮಾರನೆಯ ದಿನ ಅಲ್ಲಿಂದ ದೇವರಿಯಾ ತಾಲ್ ಸರೋವರಕ್ಕೆ ಹತ್ತಿ ಇಳಿಯಿರಿ. ಸುಮಾರು 2,400 ಮೀಟರ್ ಎತ್ತರದ ಆ ಕೊಳದಲ್ಲಿ ಗಾಳಿಯಿಲ್ಲದ ಬೆಳಗಿನಲ್ಲಿ ಚೌಖಂಬಾ ಶಿಖರದ ಬಿಂಬ ಬೀಳುತ್ತದೆ. ಆ ನಡಿಗೆ ನಿಮ್ಮ ಪರೀಕ್ಷೆಯೂ ಹೌದು. ಅಲ್ಲಿ ಯಾರು ನಿಧಾನ, ಯಾರ ಶೂ ಕಚ್ಚುತ್ತದೆ, ಯಾರು ನೀರು ಕುಡಿಯುವುದಿಲ್ಲ ಎಂಬುದೆಲ್ಲ ಗೊತ್ತಾಗುತ್ತದೆ. ಸಂಜೆ ಚೋಪ್ತಾಕ್ಕೆ ಹೋಗಿ. ಹಿಮ ಹೆಚ್ಚಾಗಿ ಬಿದ್ದಿದ್ದರೆ ವಾಹನ ಕೆಲವು ಕಿಲೋಮೀಟರ್ ಕೆಳಗೇ ನಿಲ್ಲುತ್ತದೆ. ಆಗ ಆ ದೂರವನ್ನು ಅಂದೇ ಸಂಜೆ ನಡೆದು ಮುಗಿಸಿ, ಮರುದಿನದ ಆರು ಗಂಟೆಯ ಏರಿಕೆಗೆ ಸೇರಿಸಬೇಡಿ.

ಎತ್ತರದ ಕಾಯಿಲೆ ತಡೆಯುವ ಅಸೆಟಾಝೋಲಮೈಡ್ ಮಾತ್ರೆಯ ಬಗ್ಗೆ ಊರಿನಲ್ಲೇ ನಿಮ್ಮ ವೈದ್ಯರನ್ನು ಕೇಳಿ. ಸಲ್ಫಾ ಔಷಧ ಒಗ್ಗದವರು ಅದನ್ನು ಮೊದಲೇ ಹೇಳಬೇಕು. ಆ ಎರಡು ರಾತ್ರಿ ಮದ್ಯ ಬೇಡ. ಮೈ ಬೆಚ್ಚಗಾಯಿತೆಂದು ಅನ್ನಿಸುವಾಗಲೇ ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಸೋರಿಸುತ್ತಿರುತ್ತದೆ.

ಹಿಂದಿನ ರಾತ್ರಿ

ಊಟಕ್ಕೆ ಕೂತಾಗ ಮಾರ್ಗದರ್ಶಿಯನ್ನು ಪಕ್ಕಕ್ಕೆ ಕರೆಯಿರಿ. ಗಢವಾಲಿನಲ್ಲಿ ‘ಭೈಜಿ’ ಎಂದರೆ ಅಣ್ಣ. ಹಾಗೆಂದು ಮಾತು ಶುರು ಮಾಡಿದರೆ ಬಾಯಿ ಬೇಗ ಬಿಚ್ಚುತ್ತದೆ. ಕೊನೆಯ ಹಿಮ ಯಾವಾಗ ಬಿತ್ತು, ತುಂಗನಾಥದಿಂದ ಮೇಲೆ ಯಾರಾದರೂ ನಡೆದ ಹೆಜ್ಜೆಗಳಿವೆಯೇ, ನಾಳೆ ಗಾಳಿ ಹೇಗಿರಬಹುದು ಎಂದು ಕೇಳಿ. ಜೋರಾಗಿ ಹಿಮ ಬಿದ್ದು ಇನ್ನೂ ಎರಡು ದಿನ ಕಳೆದಿಲ್ಲವಾದರೆ ತುಂಗನಾಥಕ್ಕಿಂತ ಮೇಲೆ ಹೋಗುವ ಮಾತು ಬಿಟ್ಟುಬಿಡಿ. ಹಿಮಕುಸಿತಗಳು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ದೇವಾಲಯದ ಮೇಲಿನ ಹಾದಿ ಅಂಥ ಇಳಿಜಾರುಗಳ ಪಕ್ಕದಲ್ಲೇ ಸಾಗುತ್ತದೆ.

ಬಳಿಕ ಎಲ್ಲರ ಮುಂದೆ ಗಡುವನ್ನು ಗಟ್ಟಿಯಾಗಿ ಹೇಳಿ: ಹನ್ನೆರಡೂವರೆ. ಎಲ್ಲರೂ ಬೆಚ್ಚಗೆ ಕೂತು ಹೊಟ್ಟೆ ತುಂಬ ಉಂಡಿರುವಾಗಲೇ ಇದಕ್ಕೆ ಹೂಂ ಅನ್ನಿಸಿಕೊಳ್ಳಬೇಕು. ಶಿಖರ ಕಣ್ಣೆದುರು ಇದ್ದಾಗ ಕೇಳಿದರೆ ಯಾರೂ ಒಪ್ಪುವುದಿಲ್ಲ. 2024ರ ಜೂನ್ ಮೊದಲ ವಾರ ಇದೇ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ 9 ಮಂದಿ ತೀರಿಕೊಂಡರು. ಅವರಲ್ಲಿ ಅನುಭವಿ ಚಾರಣಿಗರೂ ಇದ್ದರು, ಮತ್ತು ಅದು ಬೇಸಿಗೆ. ತಪ್ಪು ಹುಡುಕಲು ಇದನ್ನು ಹೇಳುತ್ತಿಲ್ಲ. ಹವೆ ತಿರುಗಿದರೆ ಎಷ್ಟು ಬೇಗ ತಿರುಗುತ್ತದೆ ಎಂದು ನೆನಪಿಸಲು.

ಆರೂವರೆಯಿಂದ ತುಂಗನಾಥದವರೆಗೆ

ಸೂರ್ಯೋದಯವನ್ನು ತುದಿಯಿಂದಲೇ ನೋಡಬೇಕೆಂದು ನಡುರಾತ್ರಿ ಮೂರು ಗಂಟೆಗೆ ಹೊರಡುವ ತಂಡಗಳಿವೆ. ಹಿಮಕ್ಕೆ ಹೊಸಬರಾದವರು ಇದನ್ನು ಮಾಡಬಾರದೆಂಬುದು ನನ್ನ ಅಭಿಪ್ರಾಯ. ಅತಿ ಚಳಿಯ ಹೊತ್ತು, ಕತ್ತಲು, ಮಂಜುಗಡ್ಡೆ ಮೂರೂ ಒಟ್ಟಿಗೆ ಬರುತ್ತವೆ. ಆರೂವರೆಗೆ ಹೊರಟರೆ ಅರ್ಧ ಗಂಟೆಯಲ್ಲಿ ದೀಪ ಆರಿಸಬಹುದು.

ಹೊರಡುವಾಗ ಸ್ವಲ್ಪ ಚಳಿ ಅನ್ನಿಸಬೇಕು. ಬೆಚ್ಚಗಿದ್ದರೆ ಒಂದು ಪದರ ಕಳಚಿ, ಹದಿನೈದು ನಿಮಿಷದಲ್ಲಿ ಹೇಗೂ ಬೆವರುತ್ತೀರಿ. ಮುಂದೆ ಒಬ್ಬ ಮಾರ್ಗದರ್ಶಿ, ಅವರ ಹಿಂದೆಯೇ ತಂಡದಲ್ಲಿ ಅತಿ ನಿಧಾನವಾಗಿ ನಡೆಯುವವರು. ಈ ಜಾಗದ ಬಗ್ಗೆ ಸ್ವಲ್ಪ ಹೇಳಬೇಕು. ನಿಧಾನ ನಡೆಯುವವರನ್ನು ಎಲ್ಲರೂ ಹಿಂದೆ ಬಿಡುತ್ತಾರೆ. ಮುಂದಿನವರು ನಿಂತು ಸುಧಾರಿಸಿಕೊಂಡು, ಇವರು ಏದುಸಿರು ಬಿಡುತ್ತ ಬಂದು ತಲುಪಿದ ಕೂಡಲೇ ‘ಹೊರಡೋಣವೇ’ ಎನ್ನುತ್ತಾರೆ. ಅತಿ ಹೆಚ್ಚು ವಿಶ್ರಾಂತಿ ಬೇಕಾದವರಿಗೆ ಅತಿ ಕಡಿಮೆ ಸಿಗುತ್ತದೆ. ನಮ್ಮ ಒಂದು ತಂಡದಲ್ಲಿ ಐವತ್ತು ದಾಟಿದ ಶಾಲಾ ಶಿಕ್ಷಕಿಯೊಬ್ಬರಿದ್ದರು. ಅವರನ್ನು ಎರಡನೆಯವರಾಗಿ ನಿಲ್ಲಿಸಿದೆವು. ಅವರ ಹೆಜ್ಜೆಗೆ ಹೆಜ್ಜೆ ಸೇರಿಸಿ ಒಂಬತ್ತು ಜನ ಮೌನವಾಗಿ ಸಾಗಿದೆವು. ಹಿಂದಿದ್ದ ಇಬ್ಬರು ಹುಡುಗರು ಮೊದಲರ್ಧ ಗಂಟೆ ಗೊಣಗಿದರು, ಆಮೇಲೆ ಗೊಣಗಲು ಅವರಿಗೂ ಉಸಿರಿರಲಿಲ್ಲ.

ಮಾತನಾಡುತ್ತ ನಡೆಯಲು ಆಗುತ್ತಿದೆಯೇ ಎಂಬುದೇ ವೇಗದ ಅಳತೆ. ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ ವೇಗ ಹೆಚ್ಚಾಗಿದೆ ಎಂದೇ ಅರ್ಥ. ಐವತ್ತು ನಿಮಿಷಕ್ಕೊಮ್ಮೆ ಐದು ನಿಮಿಷ ನಿಲ್ಲಿ. ಜಾಕೆಟ್ ಏರಿಸಿ, ಎರಡು ಗುಟುಕು ಕುಡಿದು, ಏನಾದರೂ ಬಾಯಿಗೆ ಹಾಕಿ, ಜಾಕೆಟ್ ಇಳಿಸಿ ಹೊರಡಿ. ಬಾಯಾರಿಕೆಗೆ ಕಾಯಬೇಡಿ, ಚಳಿಯಲ್ಲಿ ಅದು ಸುಳ್ಳು ಹೇಳುತ್ತದೆ.

ತುಂಗನಾಥದವರೆಗೆ ಹಿಮದ ಕೆಳಗೆ ಕಲ್ಲು ಹಾಸಿದ ದಾರಿ ಇದೆ, ಅದು ಹಾವಿನಂತೆ ಸುತ್ತುತ್ತ ಏರುತ್ತದೆ. ಸುತ್ತನ್ನು ಉಳಿಸಲು ನೇರ ಹತ್ತಬೇಡಿ. ಮುಂದಿನವರ ಹೆಜ್ಜೆಗುಂಡಿಯಲ್ಲೇ ಕಾಲಿಡಿ. ಗುಂಡಿ ಇಲ್ಲದಿದ್ದರೆ ಶೂವಿನ ತುದಿಯಿಂದ ಒದ್ದು ಮೆಟ್ಟಿಲು ಮಾಡಿಕೊಳ್ಳಿ. ಬಿಸಿಲು ತಾಗದ ತಿರುವುಗಳಲ್ಲಿ ಬಿಳಿಯ ಬದಲು ನೀಲಿ-ಬೂದು ಹೊಳಪು ಕಂಡರೆ ಅದು ಮಂಜುಗಡ್ಡೆ. ಸ್ಪೈಕ್ ಹಾಕಿಕೊಳ್ಳಬೇಕಾದದ್ದು ಅಲ್ಲಿಗೆ ತಲುಪುವ ಮೊದಲು, ಜಾರಿ ಬಿದ್ದ ಮೇಲಲ್ಲ.

ಬುರಾಂಶ್ (ರೋಡೊಡೆಂಡ್ರಾನ್) ಮರಗಳ ಕಾಡು ಮುಗಿಯುವ ಕಡೆ ಮೋನಾಲ್ ಹಕ್ಕಿ ಕಾಣಸಿಗಬಹುದು. ಹಿಮದ ಮೇಲೆ ನವಿಲಿನ ಬಣ್ಣದ ಕೋಳಿ ನಡೆದಂತೆ ಇರುತ್ತದೆ. ಇದು ಕೇದಾರನಾಥ ವನ್ಯಜೀವಿಧಾಮದ ಪ್ರದೇಶ, ಕೂಗಾಡಬೇಡಿ.

ದೇವಾಲಯದ ಮೇಲೆ

ತುಂಗನಾಥದಲ್ಲಿ ನಾಯಕರು ಒಬ್ಬೊಬ್ಬರ ಎದುರೂ ನಿಂತು ನೋಡಬೇಕು. ‘ಎಲ್ಲರೂ ಚೆನ್ನಾಗಿದ್ದೀರಾ’ ಎಂದು ಒಟ್ಟಾಗಿ ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಲು ಹೇಳಿ. ಆಗದಿದ್ದರೆ, ಮಾತು ತೊದಲಿದರೆ, ಸುಮ್ಮಸುಮ್ಮನೆ ಎಡವುತ್ತಿದ್ದರೆ ಮೈ ತಣ್ಣಗಾಗುತ್ತಿದೆ. ಗಾಳಿಯ ಮರೆಗೆ ಕರೆದೊಯ್ದು, ಒದ್ದೆ ಬಟ್ಟೆ ಬದಲಿಸಿ, ತಾಡಪಾಲು ಸುತ್ತಿ, ಎಚ್ಚರವಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಡಿ. ಕೈಕಾಲು ತಿಕ್ಕಬೇಡಿ, ಮರಗಟ್ಟಿ ಬಿಳಿಚಿದ ಬೆರಳನ್ನಂತೂ ಹಿಮದಿಂದ ಉಜ್ಜಲೇಬಾರದು.

ತಲೆನೋವಿನ ಜೊತೆ ವಾಂತಿ ಅಥವಾ ವಿಪರೀತ ಸುಸ್ತು ಇದ್ದರೆ ಅವರು ಅಲ್ಲಿಂದ ಮೇಲೆ ಹೋಗುವಂತಿಲ್ಲ. ನೇರ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಯಲಾಗದಿದ್ದರೆ, ಇಲ್ಲವೇ ಕೂತಾಗಲೂ ಏದುಸಿರಿದ್ದರೆ ಅದು ತುರ್ತು; ಆ ಕ್ಷಣವೇ ಇಳಿಸಿ, 112ಕ್ಕೆ ಕರೆ ಮಾಡಲು ಸಿಗ್ನಲ್ ಸಿಗುವ ಕಡೆ ಒಬ್ಬರನ್ನು ಮುಂದೆ ಕಳಿಸಿ. ಇದಕ್ಕೆ ಮದ್ದು ಕೆಳಗೆ ಇಳಿಯುವುದು, ಮಾತ್ರೆ ಆಮೇಲೆ. ಎರಡನೆಯ ಮಾರ್ಗದರ್ಶಿಯ ಸಂಬಳ ಸಾರ್ಥಕವಾಗುವುದು ಇಂಥ ಹೊತ್ತಿನಲ್ಲಿ.

ಉಳಿದವರು ಮುಂದೆ ಹೋಗಬಹುದು. ಮೇಲಿನ ಒಂದೂವರೆ ಕಿಲೋಮೀಟರ್ ಕಡಿದು, ಕಿರಿದು. ತೆರೆದ ಇಳಿಜಾರನ್ನು ಅಡ್ಡ ದಾಟುವಾಗ ಒಬ್ಬೊಬ್ಬರಾಗಿ ದಾಟಿ, ಉಳಿದವರು ಬದಿಯಲ್ಲಿ ನಿಂತು ನೋಡುತ್ತಿರಲಿ. ಕಾಲಿಟ್ಟಾಗ ಅಡಿಯಿಂದ ‘ಧುಮ್’ ಎಂದು ಸದ್ದು ಬಂದರೆ ಅಥವಾ ಹಿಮದಲ್ಲಿ ಬಿರುಕು ಓಡಿದರೆ ಹಿಂದಿರುಗಿ. ತುದಿಯಲ್ಲಿ ಪುಟ್ಟ ಗುಡಿಯಿದೆ. ಹವೆ ಸ್ವಚ್ಛವಿದ್ದರೆ ನಂದಾದೇವಿ, ತ್ರಿಶೂಲ, ಕೇದಾರ, ಚೌಖಂಬಾ ಸಾಲಾಗಿ ನಿಂತಿರುತ್ತವೆ. ಚಿತ್ರ ತೆಗೆಯಲು ಅಂಚಿಗೆ ಹೋಗಬೇಡಿ. ಗಾಳಿ ಕಟ್ಟಿದ ಹಿಮದ ಚಾಚು ಮೇಲಿನಿಂದ ನೆಲದಂತೆಯೇ ಕಾಣುತ್ತದೆ, ಅದರ ಕೆಳಗೆ ಏನೂ ಇರುವುದಿಲ್ಲ. ಹದಿನೈದು ನಿಮಿಷ ಸಾಕು.

ಆ ಶಿಕ್ಷಕಿಯಿದ್ದ ತಂಡ ಹನ್ನೊಂದೂಮುಕ್ಕಾಲಿಗೆ ತುದಿ ಮುಟ್ಟಿತು. ಅದರ ಮುಂದಿನ ವರ್ಷ, ಅವರಿಗಿಂತ ಚಿಕ್ಕ ವಯಸ್ಸಿನವರೇ ಇದ್ದ ತಂಡ ಹನ್ನೆರಡೂವರೆಗೆ ಗುಡಿಯ ಬಾವುಟ ಕಾಣುವ ಜಾಗದಿಂದ ತಿರುಗಿತು. ಒಬ್ಬರು ಚೋಪ್ತಾ ಬರುವವರೆಗೂ ನನ್ನೊಡನೆ ಮಾತು ಬಿಟ್ಟಿದ್ದರು.

ಇಳಿಯುವಾಗ

ಸ್ಪೈಕ್ ತೆಗೆಯಬೇಡಿ. ಮೊಣಕಾಲು ತುಸು ಬಗ್ಗಿರಲಿ, ಹೆಜ್ಜೆ ಚಿಕ್ಕದಿರಲಿ. ಮೆತ್ತನೆಯ ಹಿಮದಲ್ಲಿ ಹಿಮ್ಮಡಿಯನ್ನು ಮೊದಲು ಊರಿ, ಮಂಜುಗಡ್ಡೆಯಲ್ಲಿ ಪೂರ್ತಿ ಪಾದವನ್ನು ಚಪ್ಪಟೆಯಾಗಿ ಇಡಿ. ಭಯಕ್ಕೆ ಹಿಂದೆ ವಾಲಿದರೆ ಕಾಲು ಮುಂದೆ ಜಾರುತ್ತದೆ. ಭಾರ ಪಾದದ ಮೇಲೆಯೇ ಇರಬೇಕು. ಊರುಗೋಲನ್ನು ಸ್ವಲ್ಪ ಉದ್ದ ಮಾಡಿಕೊಳ್ಳಿ. ಕೂತು ಜಾರುಬಂಡೆ ಆಡುವ ಆಸೆ ಎಲ್ಲರಿಗೂ ಬರುತ್ತದೆ. ಶೂನಲ್ಲಿ ಹಲ್ಲುಗಳಿದ್ದಾಗ ಜಾರಿದರೆ ಅವು ನೆಲಕ್ಕೆ ಕಚ್ಚಿಕೊಂಡು ನಿಲ್ಲುತ್ತವೆ, ಮೈ ನಿಲ್ಲುವುದಿಲ್ಲ, ನಡುವೆ ಮುರಿಯುವುದು ಕಣಕಾಲು.

ತಂಡ ಚದುರುವುದು ಈ ಹೊತ್ತಿನಲ್ಲೇ. ಕೆಳಗಿನ ಚಹಾ ಕಣ್ಣಿಗೆ ಕಟ್ಟಿ ಗಟ್ಟಿಗರು ಓಡುತ್ತಾರೆ. ಪ್ರತಿ ತಿರುವಿನಲ್ಲೂ ತಲೆ ಎಣಿಸಿ. ಚಿಕ್ಕಿಯ ಕಾಗದವೂ ಸೇರಿ ಒಯ್ದ ಕಸವೆಲ್ಲ ಚೀಲದಲ್ಲೇ ವಾಪಸ್ ಬರಲಿ.

ಚೋಪ್ತಾ ತಲುಪಿದ ಮೇಲೆ ಚಹಾಕ್ಕೂ ಮೊದಲು ಒದ್ದೆ ಕಾಲುಚೀಲ ಕಳಚಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟ ಒಣ ಜೊತೆ ಹಾಕಿಕೊಳ್ಳಿ. ಶೂಗಳನ್ನು ಬೆಂಕಿಯ ಹತ್ತಿರ ಇಡಬೇಡಿ, ಅಂಟು ಬಿಟ್ಟುಕೊಂಡು ಅಡಿ ಬಾಯಿ ತೆರೆಯುತ್ತದೆ. ಹಳೆಯ ಪತ್ರಿಕೆಯನ್ನು ಉಂಡೆ ಮಾಡಿ ಒಳಗೆ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿದರೆ ಬೆಳಗ್ಗೆ ಋಷಿಕೇಶದ ಜೀಪು ಹತ್ತುವ ಹೊತ್ತಿಗೆ ಕಾಲಿಡುವಷ್ಟು ಒಣಗಿರುತ್ತವೆ.